ಗಾಳಿಯನ್ನು ಸೋಸಿದ ಮೇಷ್ಟ್ರು: ಥಾಮಸ್ ಗ್ರಹಾಂ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ, ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿದಾಗ ನಾನು ಮೊದಲು ಹಿಂಜರಿದೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ದಿನವೆಲ್ಲ ಬರೆಯುವುದು ಕಂಪ್ಯೂಟರಿಗೆ ಅರ್ಥವಾಗುವ ಭಾಷೆ. ಕನ್ನಡದಲ್ಲಿ ನಾಲ್ಕು ಪುಟ ಬರೆದದ್ದು ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯ ಪ್ರಬಂಧವೇ ಕೊನೆ. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಆದ್ದರಿಂದ ನಾನು ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೆಯುತ್ತಿದ್ದೇನೆ. ಆತ ತೀರಿಕೊಂಡು ನೂರೈವತ್ತು ವರ್ಷಗಳ ಮೇಲಾಯಿತು. ನಮ್ಮೂರಿಗೆ ಬಂದವನಲ್ಲ, ನಮ್ಮ ದೇಶವನ್ನೂ ಕಂಡವನಲ್ಲ. ಆದರೂ ಆತನ ಕಥೆಯನ್ನು ಇಲ್ಲೇ ಹೇಳಬೇಕೆನಿಸಲು ನಮ್ಮಪ್ಪ ಕಾರಣ.

ಅಪ್ಪ ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಕಟ್ಟಡಕ್ಕೆ ಊರವರು ಗಾಡಿಯಲ್ಲಿ ಕಲ್ಲು ಹೊಡೆದಾಗ ಹುಡುಗರೂ ಕೈಜೋಡಿಸಿದ್ದರಂತೆ. ಆದರೆ ಒಂಬತ್ತನೇ ತರಗತಿಯ ನಡುವೆಯೇ ತಾತ ಅವರನ್ನು ಶಾಲೆ ಬಿಡಿಸಿ ಹೊಲಕ್ಕೆ ಕಳಿಸಿದರು. ಆ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿಂದ ಅಪ್ಪನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಪ್ರತಿ ಸಲವೂ ನಾಲ್ಕು ಗಂಟೆ ಮಲಗಿರಬೇಕು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದೆ. ಒಂದು ದಿನ ಅಪ್ಪ, ಆ ಯಂತ್ರಕ್ಕೆ ಸಿಕ್ಕಿಸಿದ ಒಂದಡಿ ಉದ್ದದ ಪ್ಲಾಸ್ಟಿಕ್ ಕೊಳವೆಯನ್ನು ತೋರಿಸಿ, ಅದು ರಕ್ತದಲ್ಲಿರುವ ಕೆಟ್ಟದ್ದನ್ನು ಮಾತ್ರ ಹೇಗೆ ಆರಿಸಿ ತೆಗೆಯುತ್ತದೆ, ಒಳ್ಳೆಯದನ್ನು ಹೇಗೆ ಬಿಡುತ್ತದೆ ಎಂದು ಕೇಳಿದರು. ಇಂಜಿನಿಯರ್ ಮಗ ತಲೆ ಕೆರೆದುಕೊಂಡೆ. ನನಗೆ ಗೊತ್ತಿರಲಿಲ್ಲ. ಅಂದು ಹುಡುಕಲು ಹೊರಟಾಗ ಸಿಕ್ಕ ಹೆಸರು ಥಾಮಸ್ ಗ್ರಹಾಂ. ಪಿ.ಯು.ಸಿ.ಯಲ್ಲಿ ಎರಡು ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತಿದ್ದ ಗ್ರಹಾಂನ ನಿಯಮದ ಅದೇ ಗ್ರಹಾಂ.

ಥಾಮಸ್ ಗ್ರಹಾಂ ಹುಟ್ಟಿದ್ದು 1805ರ ಡಿಸೆಂಬರಿನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಜೇಮ್ಸ್ ಗ್ರಹಾಂ ಬಟ್ಟೆ ವ್ಯವಹಾರದ ಅನುಕೂಲಸ್ಥರು. ಮಗ ಓದಿ ಚರ್ಚಿನ ಪಾದ್ರಿಯಾಗಬೇಕೆಂಬುದು ಅವರ ಗಟ್ಟಿ ಆಸೆ. ಹುಡುಗ 1819ರಲ್ಲಿ, ಹದಿನಾಲ್ಕು ತುಂಬುವ ಮೊದಲೇ, ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಥಾಮಸ್ ಥಾಮ್ಸನ್ ಎಂಬ ಮೇಷ್ಟ್ರ ರಸಾಯನಶಾಸ್ತ್ರದ ಪಾಠ ಕೇಳಿದ್ದೇ ಹುಡುಗನ ಮನಸ್ಸು ಚರ್ಚಿನ ಕಡೆಯಿಂದ ಪ್ರಯೋಗಶಾಲೆಯ ಕಡೆಗೆ ತಿರುಗಿತು. ಎಂ.ಎ. ಮುಗಿಸಿ ಎಡಿನ್‌ಬರೋಗೆ ಹೋಗಿ ಮತ್ತೆ ರಸಾಯನಶಾಸ್ತ್ರವನ್ನೇ ಓದಿದ. ತಂದೆ ಸಿಟ್ಟಾದರು, ಹಣ ಕೊಡುವುದನ್ನು ನಿಲ್ಲಿಸಿದರು. ಪಾಠ ಹೇಳಿ, ಪತ್ರಿಕೆಗಳಿಗೆ ಬರೆದು ಗ್ರಹಾಂ ಹೊಟ್ಟೆ ಹೊರೆದುಕೊಂಡ. ಆ ಕಾಲದಲ್ಲಿ ಅವನ ಬೆನ್ನಿಗೆ ನಿಂತವರು ತಾಯಿ ಮತ್ತು ತಂಗಿ.

ಈ ಭಾಗವನ್ನು ನಾನು ಡಯಾಲಿಸಿಸ್ ಕೋಣೆಯಲ್ಲಿ ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಾತ ಶಾಲೆ ಬಿಡಿಸಿದ ಮೇಲೆ ನಮ್ಮಜ್ಜಿ ಅಪ್ಪನ ವಿಜ್ಞಾನದ ಪುಸ್ತಕವನ್ನು ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರಂತೆ. ಎಂದಾದರೂ ಮತ್ತೆ ಹೋಗುತ್ತಾನೆ ಎಂದು. ಆ ವಿಷಯ ನನಗೆ ತಿಳಿದದ್ದು ಆ ದಿನ, ಮೂವತ್ತೈದನೇ ವಯಸ್ಸಿನಲ್ಲಿ. ಆಮೇಲೆ ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ ಗ್ರಹಾಂನ ಕಥೆ ಎಲ್ಲಿಗೆ ನಿಂತಿತ್ತು ಎಂದು ಅಪ್ಪನೇ ನೆನಪಿಸುತ್ತಿದ್ದರು.

1830ರಲ್ಲಿ ಗ್ರಹಾಂಗೆ ಗ್ಲಾಸ್ಗೋದ ಆಂಡರ್ಸನ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನ ಕೆಲಸ ಸಿಕ್ಕಿತು. ಅದು ದುಡಿಯುವ ಜನರಿಗೂ ಬಾಗಿಲು ತೆರೆದಿದ್ದ ಸಂಸ್ಥೆ. ಹತ್ತಿ ಗಿರಣಿಯಲ್ಲಿ ದುಡಿದು ಓದಿ ಮುಂದೆ ಆಫ್ರಿಕಾದ ಅನ್ವೇಷಕನಾಗಿ ಹೆಸರಾದ ಡೇವಿಡ್ ಲಿವಿಂಗ್‌ಸ್ಟನ್ ಅಲ್ಲಿ ಗ್ರಹಾಂನ ಪಾಠ ಕೇಳಿದವನು. ಬಡಗಿಯ ಮಗ ಜೇಮ್ಸ್ ಯಂಗ್ ಅಲ್ಲೇ ಗ್ರಹಾಂನ ಶಿಷ್ಯನೂ ಸಹಾಯಕನೂ ಆಗಿ, ಮುಂದೆ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆ ತೆಗೆದು ದೊಡ್ಡ ಉದ್ಯಮಿಯಾದ. ಗ್ರಹಾಂ ದೊಡ್ಡ ವಾಗ್ಮಿಯೇನಲ್ಲ. ಆದರೂ ಇಂಥ ಶಿಷ್ಯರನ್ನು ತಯಾರು ಮಾಡಿದ.

ಅವನ ಮೊದಲ ದೊಡ್ಡ ಕೆಲಸ ಹುಟ್ಟಿದ್ದು ಒಂದು ಒಡಕು ಗಾಜಿನ ಪಾತ್ರೆಯಿಂದ. ಡೋಬರೈನರ್ ಎಂಬ ಜರ್ಮನ್ ವಿಜ್ಞಾನಿ, ಕೂದಲೆಳೆಯಷ್ಟು ಬಿರುಕು ಬಿಟ್ಟ ಜಾಡಿಯಲ್ಲಿ ಹೈಡ್ರೋಜನ್ ತುಂಬಿ ನೀರಿನ ಮೇಲೆ ಬೋರಲು ಹಾಕಿಟ್ಟಾಗ ಒಳಗೆ ನೀರು ಮೇಲೇರಿದ್ದನ್ನು ಕಂಡಿದ್ದ. ಹೈಡ್ರೋಜನ್ ಹೊರಗೆ ಹೋಗಿದೆ ಸರಿ, ಅಷ್ಟೇ ಗಾಳಿ ಒಳಗೆ ಯಾಕೆ ಬರಲಿಲ್ಲ? ಗ್ರಹಾಂ ಈ ಪ್ರಶ್ನೆಯನ್ನು ಹಿಡಿದ. ಬಿರುಕನ್ನು ನೆಚ್ಚಿಕೊಳ್ಳಲಾಗದು ಎಂದು ಗಾಜಿನ ಕೊಳವೆಯ ಒಂದು ಬಾಯಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಿರಡೆ ಹಾಕಿದ. ಒಣಗಿದ ಪ್ಲಾಸ್ಟರಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ. ಒಂದೊಂದೇ ಅನಿಲ ತುಂಬಿ, ಎಷ್ಟು ಹೊರಗೆ ಹೋಯಿತು, ಎಷ್ಟು ಗಾಳಿ ಒಳಗೆ ಬಂತು ಎಂದು ಅಳೆದ. ಹಗುರ ಅನಿಲ ಬೇಗ ಹೋಗುತ್ತದೆ, ಭಾರದ ಅನಿಲ ನಿಧಾನ. ಲೆಕ್ಕ ಹಾಕಿದರೆ ವೇಗವು ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿದೆ. ಆಕ್ಸಿಜನ್ ಹೈಡ್ರೋಜನ್‌ಗಿಂತ 16 ಪಟ್ಟು ಭಾರ. 16ರ ವರ್ಗಮೂಲ 4. ಆದ್ದರಿಂದ ಹೈಡ್ರೋಜನ್ 4 ಪಟ್ಟು ವೇಗವಾಗಿ ಹರಡುತ್ತದೆ. ನಾವು ಬಾಯಿಪಾಠ ಮಾಡಿದ ನಿಯಮ ಇಷ್ಟೇ. ಅಣು ಪರಮಾಣುಗಳನ್ನು ಯಾರೂ ಕಂಡಿರದ ಆ ಕಾಲದಲ್ಲಿ ಗಾಜಿನ ಕೊಳವೆ, ಸುಣ್ಣದಂಥ ಪುಡಿ ಮತ್ತು ತಾಳ್ಮೆಯಿಂದ ಈ ನಿಯಮ ಸಿಕ್ಕಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಯುರೇನಿಯಂನ ಎರಡು ಬಗೆಗಳನ್ನು ಅನಿಲರೂಪದಲ್ಲಿ ಬೇರ್ಪಡಿಸಿದ್ದಕ್ಕೂ ಇದೇ ನಿಯಮವೇ ತಳಹದಿ. ವಿದ್ಯೆಯನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದು ಬೇರೆ ಮಾತು.

1837ರಲ್ಲಿ ಗ್ರಹಾಂ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರಾಧ್ಯಾಪಕನಾಗಿ ಹೋದ. ಅವನ ರಸಾಯನಶಾಸ್ತ್ರದ ಪಠ್ಯಪುಸ್ತಕ ಬಹಳ ಪ್ರಸಿದ್ಧವಾಯಿತು. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷ ಅವನೇ. 1855ರಲ್ಲಿ ಸರ್ಕಾರ ಅವನನ್ನು ಟಂಕಸಾಲೆಯ ಮುಖ್ಯಸ್ಥನನ್ನಾಗಿ ಮಾಡಿತು. ಹಿಂದೆ ನ್ಯೂಟನ್ ಕೂತಿದ್ದ ಕುರ್ಚಿ ಅದು. 1860ರಲ್ಲಿ ಬ್ರಿಟನ್ನಿನ ತಾಮ್ರದ ನಾಣ್ಯಗಳ ಬದಲಿಗೆ ಕಂಚಿನ ನಾಣ್ಯಗಳು ಬಂದದ್ದು ಅವನ ಕಾಲದಲ್ಲೇ. ದೊಡ್ಡ ಹುದ್ದೆ ಸಿಕ್ಕ ಮೇಲೆ ಓದು ಬಿಡುವವರೇ ಹೆಚ್ಚು. ಗ್ರಹಾಂ ಮಾಡಿದ ಅತಿ ಮುಖ್ಯ ಕೆಲಸಗಳಲ್ಲಿ ಕೆಲವು ಐವತ್ತೈದು ದಾಟಿದ ಮೇಲಿನವು.

ಅವುಗಳಲ್ಲಿ ಮೊದಲನೆಯದು 1861ರ ಡಯಾಲಿಸಿಸ್. ಹೌದು, ಆ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವನು ಅವನೇ. ಒಂದು ಬಳೆಯಂಥ ಚೌಕಟ್ಟಿಗೆ ಚರ್ಮದಂತೆ ಕಾಣುವ ಪಾರ್ಚ್‌ಮೆಂಟ್ ಕಾಗದವನ್ನು ಬಿಗಿದು, ಜರಡಿಯ ಹಾಗೆ ಮಾಡಿ, ಅದನ್ನು ನೀರಿನ ಮೇಲೆ ತೇಲಬಿಟ್ಟ. ಒಳಗೆ ಬೆರಕೆ ದ್ರಾವಣ ಹಾಕಿದ. ಉಪ್ಪು, ಸಕ್ಕರೆಯಂಥವು ಕಾಗದ ದಾಟಿ ಹೊರಗಿನ ನೀರಿಗೆ ಹೋದವು. ಗೋಂದು, ಮೊಟ್ಟೆಯ ಬಿಳಿಯಂಥ ಅಂಟು ಪದಾರ್ಥಗಳು ಒಳಗೇ ಉಳಿದವು. ಈ ಅಂಟು ಪದಾರ್ಥಗಳಿಗೆ ಕೊಲಾಯ್ಡ್ ಎಂದು ಹೆಸರಿಟ್ಟ. ನಮ್ಮ ಪಠ್ಯದಲ್ಲಿ ಬರುವ ಕಲಿಲ ಅದೇ. ಹೀಗೆಯೇ ಮೂತ್ರದಿಂದ ಯೂರಿಯಾವನ್ನು ಬೇರ್ಪಡಿಸಿಯೂ ತೋರಿಸಿದ. ಮನುಷ್ಯನ ರಕ್ತವನ್ನು ಹೀಗೆ ಸೋಸಬಹುದು ಎಂಬುದು ಕೈಗೂಡಲು ಇನ್ನೂ ಎಂಬತ್ತು ವರ್ಷ ಹಿಡಿಯಿತು. 1943ರಲ್ಲಿ ನೆದರ್ಲೆಂಡ್ಸ್‌ನ ವೈದ್ಯ ವಿಲ್ಲೆಮ್ ಕೋಲ್ಫ್ ಸೆಲ್ಲೋಫೇನ್ ಕೊಳವೆಗಳಿಂದ ಕೃತಕ ಮೂತ್ರಪಿಂಡ ಮಾಡಿದ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು: ಕೊಳವೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಚಿಕ್ಕದು ದೊಡ್ಡದು ಮಾತ್ರ. ಯೂರಿಯಾ ಚಿಕ್ಕದು, ದಾಟಿ ಹೋಗುತ್ತದೆ. ರಕ್ತಕಣ, ಪ್ರೋಟೀನು ದೊಡ್ಡವು, ಉಳಿಯುತ್ತವೆ. ದೇಹಕ್ಕೆ ಬೇಕಾದ ಉಪ್ಪಿನಂಶ ಹೋಗಿಬಿಡದ ಹಾಗೆ ಹೊರಗಿನ ನೀರಿನಲ್ಲೂ ಹದವಾಗಿ ಉಪ್ಪು ಬೆರೆಸಿರುತ್ತಾರೆ. ಅಪ್ಪ ಇದನ್ನು ಕೇಳಿ, ಹಾಗಾದರೆ ಇದು ನಮ್ಮ ರಾಗಿ ವಂದರಿ ಎಂದುಬಿಟ್ಟರು. ನಾನು ಒಪ್ಪಿದೆ.

ಆದರೆ ಗ್ರಹಾಂನ ಮುಂದಿನ ಕೆಲಸ ವಂದರಿಯ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಅವನ ಬದುಕಿನಲ್ಲಿ ನನಗೆ ಅತಿ ಇಷ್ಟವಾದ ಭಾಗ. 1831ರಲ್ಲೇ ಅಮೆರಿಕದ ವೈದ್ಯ ಜೆ.ಕೆ. ಮಿಚೆಲ್, ರಬ್ಬರ್ ಬಲೂನುಗಳಲ್ಲಿ ಬೇರೆ ಬೇರೆ ಅನಿಲ ತುಂಬಿಟ್ಟರೆ ಅವು ಬೇರೆ ಬೇರೆ ವೇಗದಲ್ಲಿ ಸೊರಗುವುದನ್ನು ಗಮನಿಸಿದ್ದ. ಗ್ರಹಾಂ 1866ರಲ್ಲಿ ಇದನ್ನು ಕೈಗೆತ್ತಿಕೊಂಡ. ರಬ್ಬರ್ ಲೇಪಿಸಿದ ರೇಷ್ಮೆ ಬಟ್ಟೆಯ ಚೀಲ ಮಾಡಿ, ಆಗಷ್ಟೇ ಬಂದಿದ್ದ ಸ್ಪ್ರೆಂಗೆಲ್‌ನ ಪಾದರಸದ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ತೆಗೆದ. ಹೊರಗಿನ ಗಾಳಿ ರಬ್ಬರಿನ ಮೂಲಕ ನಿಧಾನವಾಗಿ ಒಳಗೆ ಇಳಿಯಿತು. ಹಾಗೆ ಇಳಿದದ್ದನ್ನು ಪರೀಕ್ಷಿಸಿದರೆ ಅದರಲ್ಲಿ ಆಕ್ಸಿಜನ್ ಶೇ. 41.6. ನಾವು ಉಸಿರಾಡುವ ಗಾಳಿಯಲ್ಲಿರುವುದು ಶೇ. 21 ಮಾತ್ರ. ಆರುತ್ತಿದ್ದ ಕೆಂಡದ ಕಡ್ಡಿಯನ್ನು ಅದರಲ್ಲಿ ಹಿಡಿದರೆ ಮತ್ತೆ ಹೊತ್ತಿಕೊಂಡಿತು. ಬೆಂಕಿ ಇಲ್ಲ, ರಾಸಾಯನಿಕ ಕ್ರಿಯೆ ಇಲ್ಲ, ಒಂದು ತೆಳು ಪೊರೆಯಿಂದ ಗಾಳಿಯನ್ನು ಸೋಸಿದ್ದ.

ಆಶ್ಚರ್ಯ ಇರುವುದು ಅವನು ಮಾಡಿದ ಪಟ್ಟಿಯಲ್ಲಿ. ರಬ್ಬರಿನ ಮೂಲಕ ನೈಟ್ರೋಜನ್ ಹೋಗುವ ವೇಗ 1 ಎಂದಿಟ್ಟುಕೊಂಡರೆ, ಮೀಥೇನ್ 2.148, ಆಕ್ಸಿಜನ್ 2.556, ಹೈಡ್ರೋಜನ್ 5.5, ಕಾರ್ಬನ್ ಡೈಆಕ್ಸೈಡ್ 13.585. ಎಲ್ಲಕ್ಕಿಂತ ಭಾರದ ಅನಿಲ ಎಲ್ಲಕ್ಕಿಂತ ಬೇಗ ಹೋಗಿದೆ! ತನ್ನ ಹೆಸರಿನಲ್ಲೇ ಪ್ರಸಿದ್ಧವಾಗಿದ್ದ ನಿಯಮಕ್ಕೆ ಇದು ನೇರ ವಿರುದ್ಧ. ಅರವತ್ತು ದಾಟಿದ, ದೇಶದ ದೊಡ್ಡ ಪದಕಗಳನ್ನೆಲ್ಲ ಪಡೆದ ಮನುಷ್ಯ ಪ್ರಯೋಗವೇ ತಪ್ಪಿರಬೇಕು ಎಂದು ಕೈಬಿಡಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ರಬ್ಬರಿನಲ್ಲಿ ರಂಧ್ರಗಳೇ ಇಲ್ಲ, ಆದ್ದರಿಂದ ಇಲ್ಲಿ ಆ ನಿಯಮ ನಡೆಯುವುದಿಲ್ಲ ಎಂದು ಒಪ್ಪಿಕೊಂಡು ಬೇರೆ ವಿವರಣೆ ಕೊಟ್ಟ. ಅನಿಲ ಮೊದಲು ರಬ್ಬರಿನಲ್ಲಿ ಕರಗುತ್ತದೆ, ಕರಗಿದ್ದು ಒಳಗೇ ಹರಡುತ್ತ ಇನ್ನೊಂದು ಬದಿ ಸೇರುತ್ತದೆ, ಅಲ್ಲಿ ಮತ್ತೆ ಆವಿಯಾಗಿ ಹೊರಬರುತ್ತದೆ. ಯಾವುದು ಹೆಚ್ಚು ಕರಗುತ್ತದೋ ಅದು ಹೆಚ್ಚು ದಾಟುತ್ತದೆ. ಇಂದಿಗೂ ಅನಿಲ ಬೇರ್ಪಡಿಸುವ ಪೊರೆಗಳ ಶಾಸ್ತ್ರ ನಿಂತಿರುವುದು ಈ ವಿವರಣೆಯ ಮೇಲೆ.

ಈ ಜ್ಞಾನ ಕಾರ್ಖಾನೆಗೆ ಇಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಒಂದು ಕಾರಣ ಇದು. ರಬ್ಬರ್ ಶಾಖಕ್ಕೆ ಮೆತ್ತಗಾಗುತ್ತದೆ, ಕಾರ್ಖಾನೆಯ ಅನಿಲಗಳು ಬಿಸಿಯಾಗಿರುತ್ತವೆ. ಶಾಖ ತಡೆಯುವ ಪಾಲಿಮರ್‌ಗಳು ಇಪ್ಪತ್ತನೇ ಶತಮಾನದಲ್ಲಿ ಬಂದವು. ಅವುಗಳ ಸರಪಣಿ ಅಣುಗಳಲ್ಲಿ ಉಂಗುರದಂಥ ಗಟ್ಟಿ ಭಾಗಗಳು ಸಾಲಾಗಿರುತ್ತವೆ. 1960ರ ದಶಕದ ಪಾಲಿಇಮೈಡ್ ಹಾಳೆಗಳು 300 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಆದರೆ ಅವನ್ನು ಸಾಮಾನ್ಯ ದ್ರಾವಕಗಳು ಕರಗಿಸವು, ಬಿಸಿ ಮಾಡಿದರೂ ಕರಗವು. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲು ಆಗುತ್ತದೆಯೇ? ಹಾಗೆ. ಅನಿಲ ಸೋಸಲು ಬೇಕಾದ್ದು ಕೂದಲಿನಂಥ ಟೊಳ್ಳು ಎಳೆಗಳು. ಅವನ್ನು ಎಳೆಯಲು, ಶಾವಿಗೆ ಒತ್ತುವಂತೆ, ಸಾಮಾನ್ಯವಾಗಿ ಪಾಲಿಮರ್ ದ್ರಾವಣ ಬೇಕು. ಶಾಖಕ್ಕೆ ಗಟ್ಟಿ, ಆದರೆ ದ್ರಾವಕದಲ್ಲಿ ಕರಗಬೇಕು. ಈ ಎರಡೂ ಒಂದೇ ವಸ್ತುವಿನಲ್ಲಿ ಸೇರುವುದು ಕಷ್ಟ.

ಹಳ್ಳಿಯವರಿಗೆ ಸೌದೆ ಗೊತ್ತು. ನೇರವಾದ ಕಡ್ಡಿಗಳನ್ನು ಹೊರೆ ಕಟ್ಟಿದರೆ ನಡುವೆ ಬೆರಳೂ ತೂರದು. ಕವಲು ಕವಲಾದ ಮುಳ್ಳುಕಂಟಿಯನ್ನು ಒಟ್ಟಿದರೆ ಎಷ್ಟು ಅದುಮಿದರೂ ನಡುವೆ ಸಂದು ಉಳಿಯುತ್ತದೆ. ವಿಜ್ಞಾನಿಗಳು ಮಾಡಿದ್ದು ಇದನ್ನೇ. ಗಟ್ಟಿ ಸರಪಣಿಗೆ ಅಲ್ಲಲ್ಲಿ ದಪ್ಪ ಕವಲುಗಳನ್ನು ಸೇರಿಸಿದರು, ಕೆಲವೆಡೆ ಮೊಣಕೈಯಂತೆ ಬಾಗಿಸಿದರು. ಇಂಗಾಲಕ್ಕೆ ಫ್ಲೋರೀನ್ ಗುಂಪುಗಳನ್ನು ಜೋಡಿಸಿದ ಪಾಲಿಇಮೈಡ್‌ಗಳು ಹೀಗೆ ಬಂದವು. ಸರಪಣಿಗಳು ಒತ್ತೊತ್ತಾಗಿ ಕೂರಲಾರದ್ದರಿಂದ ದ್ರಾವಕ ಒಳಹೊಕ್ಕು ಕರಗಿಸುತ್ತದೆ. ಸರಪಣಿ ಗಟ್ಟಿಯಾಗಿಯೇ ಉಳಿದದ್ದರಿಂದ ಶಾಖವನ್ನೂ ತಡೆಯುತ್ತದೆ. ಲಾಭ ಇನ್ನೊಂದಿದೆ: ಅದೇ ಸಂದುಗಳಲ್ಲಿ ಅನಿಲ ಬೇಗ ಸಾಗುತ್ತದೆ, ಗಟ್ಟಿ ಗೋಡೆಗಳ ನಡುವೆ ಚಿಕ್ಕ ಅಣು ದೊಡ್ಡ ಅಣುಗಳ ವ್ಯತ್ಯಾಸವೂ ಚೆನ್ನಾಗಿ ನಡೆಯುತ್ತದೆ. 2004ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ಬಡ್ ಮತ್ತು ನೀಲ್ ಮೆಕ್‌ಕ್ಯೂನ್ ಅವರ ತಂಡ ಸರಪಣಿಯನ್ನೇ ಏಣಿಯಂತೆ ಗಟ್ಟಿಯಾಗಿಸಿ, ನಡುನಡುವೆ ತಿರುಚಿ, ಕರಗಬಲ್ಲ ಹೊಸ ಪಾಲಿಮರ್‌ಗಳನ್ನು ಮಾಡಿತು. ಇಂಥ ಪೊರೆಗಳು ಇಂದು ಗೊಬ್ಬರ ಅನಿಲದಿಂದ ಕಾರ್ಬನ್ ಡೈಆಕ್ಸೈಡ್ ತೆಗೆದು ಶುದ್ಧ ಮೀಥೇನ್ ಕೊಡುತ್ತವೆ. ಗ್ರಹಾಂನ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ರಬ್ಬರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಥೇನ್‌ಗಿಂತ ಆರು ಪಟ್ಟಿಗೂ ಹೆಚ್ಚು ವೇಗವಾಗಿ ದಾಟಿತ್ತು. ನಮ್ಮ ಊರ ಹಿತ್ತಲಿನ ಗೋಬರ್ ಗ್ಯಾಸಿನಲ್ಲಿ ಮುಖ್ಯವಾಗಿ ಇರುವುದು ಈ ಎರಡೇ ಅನಿಲಗಳು.

ಇಷ್ಟು ಓದುವಾಗ ಒಂದು ಹೆಸರು ಮತ್ತೆ ಮತ್ತೆ ಬಂತು: ಪಾಲಿಸಲ್ಫೋನ್. 1960ರ ದಶಕದಲ್ಲಿ ಬಂದ, ಶಾಖ ತಡೆಯುವ, ದ್ರಾವಕದಲ್ಲಿ ಕರಗುವ ಪಾಲಿಮರ್. 1970ರ ದಶಕದ ಕೊನೆಯಲ್ಲಿ ಅಮೋನಿಯಾ ಕಾರ್ಖಾನೆಗಳಿಂದ ವ್ಯರ್ಥವಾಗಿ ಹೋಗುತ್ತಿದ್ದ ಹೈಡ್ರೋಜನ್ ಹಿಡಿಯಲು ಅಮೆರಿಕದ ಮಾನ್ಸಾಂಟೋ ಕಂಪನಿ ಬಳಸಿದ್ದು ಪಾಲಿಸಲ್ಫೋನ್‌ನ ಟೊಳ್ಳು ಎಳೆಗಳನ್ನು. ಅನಿಲ ಬೇರ್ಪಡಿಸುವ ಪೊರೆ ದೊಡ್ಡ ಪ್ರಮಾಣದಲ್ಲಿ ಉದ್ಯಮವಾದದ್ದು ಅಲ್ಲಿಂದ. ಮರುದಿನ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದ ಕೊಳವೆಯ ಮೇಲಿನ ಚೀಟಿ ಓದಿದೆ. ಪಾಲಿಸಲ್ಫೋನ್ ಎಂದೇ ಇತ್ತು. ಹಬೆಯಲ್ಲಿ ಕುದಿಸಿ ಶುದ್ಧಿ ಮಾಡಿದರೂ ಕೆಡದ್ದರಿಂದ ಡಯಾಲಿಸಿಸ್‌ಗೂ ಅದನ್ನೇ ಬಳಸುತ್ತಾರೆ. ಆ ಒಂದಡಿ ಕೊಳವೆಯೊಳಗೆ ಹತ್ತು ಸಾವಿರದಷ್ಟು ಎಳೆಗಳು. ಗ್ರಹಾಂನ 1861ರ ಕೆಲಸ, 1866ರ ಕೆಲಸ ಎರಡೂ ಒಂದೇ ಪ್ಲಾಸ್ಟಿಕ್ಕಿನಲ್ಲಿ ಬಂದು ಸೇರಿ ಅಪ್ಪನ ರಕ್ತ ಸೋಸುತ್ತಿದ್ದವು.

ಕೊನೆಯ ವರ್ಷಗಳಲ್ಲಿ ಗ್ರಹಾಂ ಪೆಲ್ಲೇಡಿಯಂ ಲೋಹ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರಿಕೊಳ್ಳುವುದನ್ನು ಕಂಡುಹಿಡಿದ. ಹೈಡ್ರೋಜನ್ ತುಂಬಿದ ಪೆಲ್ಲೇಡಿಯಂನಿಂದ ಟಂಕಸಾಲೆಯಲ್ಲಿ ಪುಟ್ಟ ಪದಕಗಳನ್ನೂ ಅಚ್ಚು ಹಾಕಿಸಿದ. 1869ರ ಸೆಪ್ಟೆಂಬರಿನಲ್ಲಿ, ಅರವತ್ತಮೂರನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡ. ಮದುವೆಯಾಗಿರಲಿಲ್ಲ. ಅವನ ನಂತರ ಟಂಕಸಾಲೆಯ ಆ ಹುದ್ದೆಗೆ ಬೇರೆಯವರನ್ನು ನೇಮಿಸಲಿಲ್ಲ, ಅದನ್ನು ಹಣಕಾಸು ಮಂತ್ರಿಯ ಹುದ್ದೆಗೇ ಸೇರಿಸಿದರು. ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಅದನ್ನು ಊರಿಗೆ ಕೊಟ್ಟವನು ಅವನ ಹಳೆಯ ಶಿಷ್ಯ, ಬಡಗಿಯ ಮಗ ಜೇಮ್ಸ್ ಯಂಗ್.

ಅಪ್ಪ ಕಳೆದ ವರ್ಷ ತೀರಿಕೊಂಡರು. ಪ್ರತಿಮೆಯ ಕಥೆ ಹೇಳಿದ್ದು ಕೊನೆಯ ಕೆಲವು ವಾರಗಳಲ್ಲಿ. ಶಿಷ್ಯ ಗುರುವಿಗೆ ಕಲ್ಲು ನಿಲ್ಲಿಸಿದ, ನಾವು ಶಾಲೆಗೆ ಕಲ್ಲು ಹೊತ್ತೆವು ಎಂದು ಅವರು ನಕ್ಕಿದ್ದರು. ನನಗೆ ಪ್ರತಿಮೆ ಮಾಡಿಸುವ ಶಕ್ತಿ ಇಲ್ಲ. ಅಪ್ಪನ ಹೆಸರಿನಲ್ಲಿ ಶಾಲೆಯ ಪ್ರಯೋಗಶಾಲೆಗೆ ಒಂದಿಷ್ಟು ಗಾಜಿನ ಸಾಮಾನು ಕೊಡಿಸುತ್ತಿದ್ದೇನೆ. ಜೊತೆಗೆ ಮಕ್ಕಳಿಗೆ ಒಂದು ಪ್ರಯೋಗ. ಎರಡು ಒಂದೇ ಬಗೆಯ ಬಲೂನು ತೆಗೆದುಕೊಳ್ಳಿ. ಒಂದಕ್ಕೆ ಸೈಕಲ್ ಪಂಪಿನಿಂದ ಗಾಳಿ ತುಂಬಿ. ಇನ್ನೊಂದನ್ನು ಅಡುಗೆ ಸೋಡಾ ಮತ್ತು ನಿಂಬೆರಸ ಹಾಕಿದ ಬಾಟಲಿಯ ಬಾಯಿಗೆ ಸಿಕ್ಕಿಸಿ ಕಾರ್ಬನ್ ಡೈಆಕ್ಸೈಡ್ ತುಂಬಿಸಿ. ಎರಡನ್ನೂ ಒಂದೇ ಗಾತ್ರಕ್ಕೆ ತಂದು ಬಿಗಿಯಾಗಿ ಕಟ್ಟಿ, ದಾರದಿಂದ ಸುತ್ತಳತೆ ಅಳೆದು ಬರೆದಿಡಿ. ಮರುದಿನ ಮತ್ತೆ ಅಳೆಯಿರಿ. ಯಾವುದು ಹೆಚ್ಚು ಸೊರಗಿದೆ, ಯಾಕೆ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ. ಮನೆಗೆ ಹೋಗಿ ನಿಮ್ಮ ಅಪ್ಪ ಅಮ್ಮನಿಗೂ ಹೇಳಿ. ಶಾಲೆ ಅರ್ಧಕ್ಕೆ ಬಿಟ್ಟವರಾದರೆ ಅವರಿಗೆ ಮೊದಲು ಹೇಳಿ.

– ಹಳೆಯ ವಿದ್ಯಾರ್ಥಿ, 2004ರ ಎಸ್‌.ಎಸ್‌.ಎಲ್‌.ಸಿ. ತಂಡ